ಚಾರ್ಲ್ಸ್ ಐವ್ಸ್‌ನ ಪಿಟೀಲು–ಪಿಯಾನೊ ಸೊನಾಟಗಳ ಧ್ವನಿಮುದ್ರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸಂಯೋಜಕ ಚಾರ್ಲ್ಸ್ ಐವ್ಸ್‌ನ ಸೊನಾಟಗಳನ್ನು (ಒಂದೆರಡು ವಾದ್ಯಗಳಿಗಾಗಿ ಬರೆದ, ಹಲವು ಭಾಗಗಳಿರುವ ಕೃತಿಗಳನ್ನು) ರೆಕಾರ್ಡ್ ಮಾಡಲು ಹೊರಡುವ ವಾದಕರು, ಅವರ ಜೊತೆ ಕೂರುವ ಧ್ವನಿ ತಂತ್ರಜ್ಞರು, ಮನೆಯಲ್ಲಿ ಕೇಳುವ ಆಸಕ್ತರು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉತ್ತರಿಸುತ್ತಿರುವ ನಾನು ವಾದಕನಲ್ಲ, ಕಂಟ್ರೋಲ್ ರೂಮಿನಲ್ಲಿ ಸ್ವರಲಿಪಿ ಮುಂದಿಟ್ಟುಕೊಂಡು ಕೂರುವ ಕಡೆಯವನು. ಹಾಗಾಗಿ ಬೆರಳುಗಾರಿಕೆಯ ಮಾತು ಕಡಿಮೆ, ಮೈಕು ಮತ್ತು ಕತ್ತರಿಯ ಮಾತು ಹೆಚ್ಚು.

ಐವ್ಸ್ ಯಾರು? ಎಷ್ಟು ಸೊನಾಟ ಬರೆದಿದ್ದಾನೆ?

1874ರಲ್ಲಿ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಎಂಬ ಊರಿನಲ್ಲಿ ಹುಟ್ಟಿದ. ತಂದೆ ಜಾರ್ಜ್ ಐವ್ಸ್ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದ ಬ್ಯಾಂಡ್ ಮಾಸ್ತರನಾಗಿದ್ದವನು. ಮಗ ಯೇಲ್ ವಿಶ್ವವಿದ್ಯಾಲಯದಲ್ಲಿ ಹೊರೇಶಿಯೊ ಪಾರ್ಕರ್ ಬಳಿ ಸಂಗೀತ ಕಲಿತು, 1898ರಲ್ಲಿ ಪದವಿ ಪಡೆದು, ಹೊಟ್ಟೆಪಾಡಿಗೆ ವಿಮೆಯ ವ್ಯವಹಾರ ಹಿಡಿದ. ಜೂಲಿಯನ್ ಮೈರಿಕ್ ಜೊತೆ ಸೇರಿ ಕಟ್ಟಿದ ನ್ಯೂಯಾರ್ಕಿನ ಏಜೆನ್ಸಿ ಚೆನ್ನಾಗಿ ನಡೆಯಿತು. ಸಂಗೀತ ಬರೆದದ್ದು ಸಂಜೆ, ರಜೆ, ರೈಲುಪ್ರಯಾಣದಲ್ಲಿ. 1954ರಲ್ಲಿ ತೀರಿಕೊಂಡ.

ಪಿಟೀಲು–ಪಿಯಾನೊಗಾಗಿ ಸಂಖ್ಯೆ ಕೊಟ್ಟ ಸೊನಾಟಗಳು ನಾಲ್ಕು, ಪ್ರತಿಯೊಂದರಲ್ಲೂ ಮೂರು ಭಾಗ. ಇವಲ್ಲದೆ ‘ಮೊದಲನೆಯದಕ್ಕಿಂತ ಮೊದಲಿನದು’ ಎಂದು ವಿದ್ವಾಂಸರು ಗುರುತಿಸುವ ಎಳೆಯ ಕಾಲದ ಒಂದು ಸೊನಾಟ, ಒಂದು ಲಾರ್ಗೊ (ಬಹು ನಿಧಾನಗತಿಯ ತುಣುಕು) ಮೊದಲಾದ ಚೂರುಗಳಿವೆ. ಸಂಪೂರ್ಣ ಸಂಗ್ರಹ ಎಂದು ಜನ ಕರೆಯುವುದು ಸಾಮಾನ್ಯವಾಗಿ ಆ ನಾಲ್ಕನ್ನೇ. ಒಟ್ಟು ಹೊತ್ತು ಎಪ್ಪತ್ತು ನಿಮಿಷದ ಆಸುಪಾಸು, ಅಂದರೆ ಒಂದೇ ಸಿ.ಡಿ.ಗೆ ಹಿಡಿಸುತ್ತದೆ. ನಾಲ್ಕನೆಯದು ಹತ್ತು ನಿಮಿಷದ ಪುಟ್ಟ ಕೃತಿ, ಮೂರನೆಯದು ಅದರ ಎರಡೂವರೆ ಪಟ್ಟು.

ಇವುಗಳ ರಚನೆಯ ವರ್ಷ ಒಂದೊಂದು ಕಡೆ ಒಂದೊಂದು ಥರ ಇದೆಯಲ್ಲ?

ಹೌದು. ಐವ್ಸ್‌ನೇ ಕೊಟ್ಟ ವರ್ಷಗಳನ್ನು ನಂಬಿದರೆ ಮೊದಲನೆಯದು 1903ರಷ್ಟು ಹಿಂದಕ್ಕೆ ಹೋಗುತ್ತದೆ. 1987ರಲ್ಲಿ ಮೇನಾರ್ಡ್ ಸಾಲೊಮನ್ ಎಂಬ ವಿದ್ವಾಂಸರು ಆ ತಾರೀಖುಗಳನ್ನು ಪ್ರಶ್ನಿಸಿದ ಮೇಲೆ ದೊಡ್ಡ ಜಗಳವೇ ನಡೆಯಿತು. ಆಮೇಲೆ ಕಾಗದ, ಕೈಬರಹಗಳನ್ನು ಪರೀಕ್ಷಿಸಿದವರು ಸೊನಾಟಗಳು ಈಗಿನ ರೂಪ ತಳೆದದ್ದು ಬಹುಪಾಲು 1910ರ ದಶಕದಲ್ಲಿ ಎಂದು ತೋರಿಸಿದರು. ಒಂದು ಭಾಗವನ್ನು ಬರೆದು, ಐದಾರು ವರ್ಷ ಬಿಟ್ಟು ತಿದ್ದಿ, ಇನ್ನೊಂದು ಕೃತಿಗೆ ಸಾಗಿಸುವುದು ಈ ಮನುಷ್ಯನ ರೂಢಿ. ಅಂಥವನಿಗೆ ಒಂದೇ ತಾರೀಖು ಕೇಳುವುದೇ ತುಸು ಅನ್ಯಾಯ. ಸಿ.ಡಿ.ಯ ಜೊತೆ ಬರುವ ಕಿರುಪುಸ್ತಕದಲ್ಲಿ ‘ಸುಮಾರು’ ಎಂದು ಹಾಕಿ ಮುಂದೆ ಹೋಗಿ.

ಮೊದಲು ರೆಕಾರ್ಡ್ ಮಾಡಿದವರು ಯಾರು?

ನಾಲ್ಕನೆಯ ಸೊನಾಟವನ್ನು 1942ರಲ್ಲಿ ಹಂಗೇರಿ ಮೂಲದ ಯೋಸೆಫ್ ಸಿಗೆಟಿ ಪಿಟೀಲಿನಲ್ಲಿ, ಆಂಡೋರ್ ಫೋಲ್ಡೆಶ್ ಪಿಯಾನೊದಲ್ಲಿ ನುಡಿಸಿ ಮುದ್ರಿಸಿದರು. ಅದನ್ನು ಹೊರತಂದದ್ದು ಸಂಯೋಜಕ ಹೆನ್ರಿ ಕವೆಲ್ ಕಟ್ಟಿದ್ದ ನ್ಯೂ ಮ್ಯೂಸಿಕ್ ಕ್ವಾರ್ಟರ್ಲಿ ರೆಕಾರ್ಡಿಂಗ್ಸ್. ಕವೆಲ್‌ನ ಪ್ರಕಟಣೆಗಳಿಗೆ ವರ್ಷಗಟ್ಟಲೆ ಹಣ ಸುರಿದವನು ಸ್ವತಃ ಐವ್ಸ್, ವಿಮೆಯಲ್ಲಿ ದುಡಿದದ್ದು ಹೀಗೆ ಹೊಸ ಸಂಗೀತಕ್ಕೆ ಹರಿಯಿತು.

78 ಆರ್‌ಪಿಎಂ ಗ್ರಾಮೊಫೋನ್ ತಟ್ಟೆಯ ಒಂದು ಬದಿಗೆ ನಾಲ್ಕೈದು ನಿಮಿಷ ಮಾತ್ರ ಹಿಡಿಯುತ್ತಿದ್ದ ಕಾಲವದು. ನಾಲ್ಕರಲ್ಲಿ ಈ ಪುಟ್ಟ ಸೊನಾಟವೇ ಮೊದಲು ತಟ್ಟೆಗೆ ಬಂದದ್ದರಲ್ಲಿ ಅಚ್ಚರಿಯಿಲ್ಲ. ಸ್ವರಲಿಪಿಯ ಅಚ್ಚಿನಲ್ಲೂ ಅದೇ ಮೊದಲು, 1942ರಲ್ಲಿ. ಎರಡು ಮತ್ತು ಮೂರನೆಯದು 1951ರಲ್ಲಿ ಅಚ್ಚಾದವು, ಮೊದಲನೆಯದು 1953ರಲ್ಲಿ. ಅಂದರೆ ಬರೆದು ಮೂರ್ನಾಲ್ಕು ದಶಕ ಕಳೆದ ಮೇಲೆ.

ಐವ್ಸ್‌ನೇ ನುಡಿಸಿದ್ದು ಸಿಗುತ್ತದೆಯೇ?

ಸೊನಾಟಗಳದ್ದು ಇಲ್ಲ. ಪಿಯಾನೊ ನುಡಿಸಿದ್ದು ಇದೆ: 1933ರಿಂದ 1943ರವರೆಗೆ ಲಂಡನ್ ಮತ್ತು ನ್ಯೂಯಾರ್ಕಿನ ಸ್ಟುಡಿಯೊಗಳಲ್ಲಿ ಖಾಸಗಿಯಾಗಿ ಮುದ್ರಿಸಿಕೊಂಡ ತುಣುಕುಗಳು. ಒಂದು ಕಡೆ ತಾನೇ ಬರೆದ ಯುದ್ಧಗೀತೆಯನ್ನು ಗಂಟಲು ಹರಿಯುವಂತೆ ಹಾಡಿಯೂ ಇದ್ದಾನೆ. ಸೊನಾಟ ಮುದ್ರಿಸುವ ಪ್ರತಿ ಪಿಯಾನೊವಾದಕನೂ ಇದನ್ನು ಒಮ್ಮೆ ಕೇಳಲೇಬೇಕು. ಅವಸರ, ಒರಟು, ನಗು, ಒಂದೇ ಪುಟವನ್ನು ಎರಡು ಸಲ ಎರಡು ಥರ ನುಡಿಸುವ ಸ್ವಾತಂತ್ರ್ಯ ಎಲ್ಲವೂ ಅದರಲ್ಲಿದೆ. ಅಚ್ಚಾದ ಪುಟ ಇವನಿಗೆ ಅಂತಿಮ ತೀರ್ಪಾಗಿರಲಿಲ್ಲ ಎಂಬುದು ಕಿವಿಗೇ ಗೊತ್ತಾಗುತ್ತದೆ.

ಇಷ್ಟೊಂದು ಧ್ವನಿಮುದ್ರಣಗಳು ಇರುವಾಗ ಇನ್ನೊಂದು ಏಕೆ?

1950ರ ದಶಕದಲ್ಲಿ ಮರ್ಕ್ಯುರಿ ಎಂಬ ರೆಕಾರ್ಡ್ ಕಂಪನಿಗಾಗಿ ರಫಾಯೆಲ್ ಡ್ರೂಯನ್ ಮತ್ತು ಜಾನ್ ಸಿಮ್ಸ್, ನಂತರ ನಾನ್‌ಸಚ್‌ಗಾಗಿ ಪಾಲ್ ಜುಕೋಫ್ಸ್ಕಿ ಮತ್ತು ಗಿಲ್ಬರ್ಟ್ ಕಾಲಿಶ್, ಗ್ರೆಗರಿ ಫುಲ್ಕರ್ಸನ್ ಮತ್ತು ರಾಬರ್ಟ್ ಶ್ಯಾನನ್, ನ್ಯಾಕ್ಸೋಸ್‌ಗಾಗಿ ಕರ್ಟ್ ಥಾಮ್ಸನ್ ಮತ್ತು ರಾಡ್ನಿ ವಾಟರ್ಸ್, 2011ರಲ್ಲಿ ಡಾಯ್ಚ ಗ್ರಾಮೊಫೋನ್‌ಗಾಗಿ ಹಿಲರಿ ಹಾನ್ ಮತ್ತು ವ್ಯಾಲೆಂಟೀನಾ ಲಿಸಿತ್ಸಾ, 2024ರಲ್ಲಿ ಮತ್ತೆ ನಾನ್‌ಸಚ್‌ನಿಂದ ಸ್ಟೆಫಾನ್ ಜಾಕಿವ್ ಮತ್ತು ಜೆರೆಮಿ ಡೆಂಕ್. ಪಟ್ಟಿ ಇನ್ನೂ ಇದೆ.

ಇವುಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ಕೇಳಿ. ಒಂದರಲ್ಲಿ ಪಿಟೀಲು ಮುಂದೆ ನಿಂತು ಹಾಡುತ್ತದೆ, ಪಿಯಾನೊ ಹಿಂದೆ ಗುಡುಗುತ್ತದೆ. ಇನ್ನೊಂದರಲ್ಲಿ ಪಿಯಾನೊದ ನಡುಸಾಲಿನಲ್ಲಿ ಅಡಗಿದ್ದ ರಾಗ ಮೇಲೆದ್ದು ಬರುತ್ತದೆ, ಪಿಟೀಲು ಅದರ ಮೇಲಿನ ಗೀಚಿನಂತೆ ಕೇಳುತ್ತದೆ. ಎರಡೂ ಅದೇ ಸ್ವರಲಿಪಿ. ಯಾವುದು ಕೇಳಬೇಕು, ಯಾವುದು ಮುಳುಗಬೇಕು ಎಂಬ ತೀರ್ಮಾನ ಇಲ್ಲಿ ವಾದಕರದ್ದಷ್ಟೇ ಅಲ್ಲ, ಮೈಕು ಇಡುವವನದ್ದೂ ಆಗಿಬಿಡುತ್ತದೆ. ಜರ್ಮನಿಯ ಬ್ರಾಮ್ಸ್‌ನ ಸಂಗೀತದಲ್ಲಿ ಇಷ್ಟು ಅಧಿಕಾರ ನಮಗೆ ಸಿಗುವುದಿಲ್ಲ. ಆದ್ದರಿಂದ ಇನ್ನೊಂದಕ್ಕೆ ಜಾಗ ಯಾವಾಗಲೂ ಇದೆ, ಹೊಸ ಜೋಡಿಗೆ ಈ ವಿಷಯದಲ್ಲಿ ತನ್ನದೇ ಅಭಿಪ್ರಾಯ ಇದ್ದರೆ.

ಸ್ವರಲಿಪಿಯಲ್ಲಿ ತಪ್ಪು ಅನಿಸುವ ಸ್ವರಗಳನ್ನು ಏನು ಮಾಡಬೇಕು?

ಮುಟ್ಟಬೇಡಿ. ಕನಿಷ್ಠ, ಮೊದಲ ದಿನ ಮುಟ್ಟಬೇಡಿ.

‘ಜುಲೈ ನಾಲ್ಕು’ ಎಂಬ ವಾದ್ಯವೃಂದ ಕೃತಿಯ ಹಸ್ತಪ್ರತಿಯ ಅಂಚಿನಲ್ಲಿ ಐವ್ಸ್ ತನ್ನ ನಕಲುಗಾರ ಪ್ರೈಸ್‌ಗೆ ಒಂದು ಟಿಪ್ಪಣಿ ಗೀಚಿದ್ದಾನೆ. ದಯವಿಟ್ಟು ಚೆಂದ ಮಾಡಲು ಹೋಗಬೇಡಿ, ತಪ್ಪು ಸ್ವರಗಳೆಲ್ಲ ಸರಿಯಾಗಿಯೇ ಇವೆ ಎಂಬುದು ಅದರ ತಾತ್ಪರ್ಯ. ಆ ಒಂದು ಸಾಲನ್ನು ಎಡಿಟಿಂಗ್ ಕೋಣೆಯ ಗೋಡೆಗೆ ಅಂಟಿಸಬೇಕು ಎನ್ನುವಷ್ಟು ನಾನು ಅದನ್ನು ನಂಬುತ್ತೇನೆ. ಪಿಟೀಲು ಒಂದು ಶ್ರುತಿಯಲ್ಲಿ ಕ್ರೈಸ್ತ ಸ್ತುತಿಗೀತೆಯೊಂದರ ರಾಗ (ಈ ಸೊನಾಟಗಳ ತುಂಬ ಇವೇ) ನುಡಿಸುತ್ತಿದೆ, ಪಿಯಾನೊದ ಎಡಗೈ ಅರ್ಧ ಸ್ವರ ಪಕ್ಕದಲ್ಲಿ ಬೇರೇನನ್ನೋ ಹಿಡಿದಿದೆ. ಮೊದಲ ಸಲ ಕೇಳಿದವರ ಕೈ ತಂತಾನೇ ಪೆನ್ಸಿಲಿಗೆ ಹೋಗುತ್ತದೆ. ಅದು ಡ್ಯಾನ್‌ಬರಿಯ ಸಭೆಯಲ್ಲಿ ಎಲ್ಲರೂ ತಂತಮ್ಮ ಶ್ರುತಿಯಲ್ಲಿ ಹಾಡುವ ಸದ್ದು, ಅದಕ್ಕಾಗಿಯೇ ಬರೆದದ್ದು.

ಇದಕ್ಕೆ ಮನೆಯ ಹಿನ್ನೆಲೆಯೂ ಇದೆ. ಆ ಊರಿನ ಕಲ್ಲುಕುಟಿಗ ಜಾನ್ ಬೆಲ್ ಪ್ರಾರ್ಥನಾ ಸಭೆಗಳಲ್ಲಿ ಶ್ರುತಿ ಬಿಟ್ಟು ಗಟ್ಟಿಯಾಗಿ ಹಾಡುತ್ತಿದ್ದ. ಯಾರೋ ಆಕ್ಷೇಪಿಸಿದಾಗ ಜಾರ್ಜ್ ಐವ್ಸ್ ಅವನ ಪರ ನಿಂತ, ಬರಿಯ ಸದ್ದಿನ ಕಡೆಗೇ ಗಮನ ಕೊಟ್ಟರೆ ಸಂಗೀತ ತಪ್ಪಿಹೋಗುತ್ತದೆ ಎಂದ. ಮಗ ಈ ಪ್ರಸಂಗವನ್ನು ಮುಪ್ಪಿನವರೆಗೂ ಮರೆಯಲಿಲ್ಲ. ಇಂಥವನ ಸಂಗೀತವನ್ನು ಶ್ರುತಿ ತಿದ್ದುವ ಸಾಫ್ಟ್‌ವೇರಿಗೆ ಹಾಕುವುದು ಯಾರ ಪರವಾಗಿ?

ಆದರೆ ಅಚ್ಚಿನ ದೋಷಗಳೂ ನಿಜವಾಗಿ ಇವೆ. ಅನುಮಾನ ಬಂದ ಜಾಗದಲ್ಲಿ ಹಸ್ತಪ್ರತಿ ನೋಡಬೇಕು. ಐವ್ಸ್‌ನ ಕಾಗದಪತ್ರಗಳು ಯೇಲ್‌ನ ಗಿಲ್ಮೋರ್ ಸಂಗೀತ ಗ್ರಂಥಾಲಯದಲ್ಲಿವೆ. ಪಿಯಾನೊವಾದಕ ಜಾನ್ ಕರ್ಕ್‌ಪ್ಯಾಟ್ರಿಕ್ ಅವುಗಳನ್ನು ವಿಂಗಡಿಸಿ 1960ರಲ್ಲಿ ಸೂಚಿ ತಯಾರಿಸಿದ. ಧ್ವನಿಮುದ್ರಣಕ್ಕೆ ಹಲವು ತಿಂಗಳ ಮೊದಲೇ ಈ ಕೆಲಸ ಮುಗಿಸಿ, ಇಬ್ಬರು ವಾದಕರ ಮತ್ತು ನಿರ್ಮಾಪಕನ ಪ್ರತಿಗಳಲ್ಲಿ ಒಂದೇ ತಿದ್ದುಪಡಿ ಇರುವಂತೆ ನೋಡಿಕೊಳ್ಳಿ. ಮೂವರ ಬಳಿ ಮೂರು ಪಾಠವಿದ್ದರೆ ಗಂಟೆಗೆ ಬಾಡಿಗೆ ತೆರುವ ಸಭಾಂಗಣದಲ್ಲಿ ಪಾಠಾಂತರದ ಚರ್ಚೆ ನಡೆಯುತ್ತದೆ.

ಇವು ನಿಜಕ್ಕೂ ಅಷ್ಟು ಕಷ್ಟವೇ?

1914ರಲ್ಲಿ ಫ್ರಾಂಜ್ ಮಿಲ್ಕೆ ಎಂಬ ಜರ್ಮನ್ ಪಿಟೀಲುವಾದಕ ಕನೆಕ್ಟಿಕಟ್‌ನ ರೆಡ್ಡಿಂಗ್‌ನಲ್ಲಿದ್ದ ಐವ್ಸ್‌ನ ಮನೆಗೆ ಬಂದ. ಮೊದಲ ಸೊನಾಟ ಮುಂದಿಟ್ಟರೆ ಮೊದಲ ಪುಟ ದಾಟಲಾಗಲಿಲ್ಲ, ಕಿವಿ ಮುಚ್ಚಿಕೊಂಡು ಕೋಣೆಯಿಂದ ಹೊರಬಂದ. ಐವ್ಸ್ ತನ್ನ ನೆನಪುಗಳಲ್ಲಿ ಈತನನ್ನು ಚೆನ್ನಾಗಿಯೇ ಲೇವಡಿ ಮಾಡಿದ್ದಾನೆ. ಆದರೆ ಪೆಟ್ಟು ಒಳಗೆ ಇಳಿದಿತ್ತು. ಆಮೇಲೆ ಬರೆದ ಮೂರನೆಯ ಸೊನಾಟ ಹಿಂದಕ್ಕೆ ಜಾರಿದ್ದು, ಸಪ್ಪೆಯಾದದ್ದು ಎಂದು ತಾನೇ ಹೇಳಿಕೊಂಡ. ನನಗೆ ಹಾಗನಿಸುವುದಿಲ್ಲ, ಅದರ ಕೊನೆಯ ಭಾಗ ನಾಲ್ಕೂ ಸೊನಾಟಗಳಲ್ಲೇ ಅತ್ಯಂತ ಮನಮುಟ್ಟುವಂಥದ್ದು. ಕೃತಿಕಾರನ ಮಾತನ್ನು ಎಲ್ಲ ಕಡೆಯೂ ಕೇಳಬೇಕೆಂದಿಲ್ಲ.

ಇಂದಿನ ವಾದಕರಿಗೆ ಪಿಟೀಲಿನ ಪಾಲು ಭಯ ಹುಟ್ಟಿಸುವಂಥದ್ದಲ್ಲ. ಕಷ್ಟವಿರುವುದು ಇಬ್ಬರೂ ಕೂಡಿಕೊಳ್ಳುವಲ್ಲಿ. ಒಬ್ಬರಿಗೆ ಮೂರರ ಲಯ, ಇನ್ನೊಬ್ಬರಿಗೆ ನಾಲ್ಕರದ್ದು, ಒತ್ತು ಬೀಳುವುದು ಮತ್ತೆಲ್ಲೋ. ಪಿಟೀಲುವಾದಕರು ತಮ್ಮ ಬಿಡಿ ಪಾಲಿನ ಬದಲು ಇಡೀ ಸ್ವರಲಿಪಿಯನ್ನೇ ಟ್ಯಾಬ್ಲೆಟ್ಟಿನಲ್ಲಿ ಇಟ್ಟುಕೊಂಡು ನುಡಿಸುವುದು ಒಳ್ಳೆಯದು. ಪುಟ ತಿರುಗಿಸುವ ಕಾಲುಪೆಡಲಿನ ‘ಟಿಕ್’ ಸದ್ದು ಮೈಕಿಗೆ ಬೀಳದಂತೆ ಅದರ ಕೆಳಗೆ ದಪ್ಪ ಬಟ್ಟೆ ಹಾಸಿ.

ಕಿವಿಗೆ ಕ್ಲಿಕ್ ಟ್ರ್ಯಾಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ನುಡಿಸಬಹುದೇ?

ಬೇಡ.

ಸ್ತುತಿಗೀತೆಗಳು ಗೊತ್ತಿರಲೇಬೇಕೇ?

ನುಡಿಸುವವರಿಗೆ ಗೊತ್ತಿರಲೇಬೇಕು. ಎಡಿಟ್ ಮಾಡುವವನಿಗೆ ಇನ್ನೂ ಹೆಚ್ಚು.

ಐವ್ಸ್ ಈ ಸೊನಾಟಗಳಲ್ಲಿ ಬಳಸಿಕೊಂಡದ್ದು ತನ್ನ ಬಾಲ್ಯದಲ್ಲಿ ಊರೂರಲ್ಲಿ ಬಯಲಲ್ಲಿ ನಡೆಯುತ್ತಿದ್ದ ಪ್ರಾರ್ಥನಾ ಶಿಬಿರಗಳ ಹಾಡುಗಳನ್ನು, ಅಂತರ್ಯುದ್ಧದ ಗೀತೆಗಳನ್ನು, ಕಣಜದಲ್ಲಿ ಕುಣಿಯುವಾಗ ನುಡಿಸುತ್ತಿದ್ದ ಹಳ್ಳಿ ಪಿಟೀಲಿನ ಗತ್ತುಗಳನ್ನು. ಮೊದಲನೆಯದರ ಕೊನೆಗೆ ಲೋವೆಲ್ ಮೇಸನ್‌ನ ‘ವಾಚ್‌ಮನ್’, ಎರಡನೆಯದರ ಕೊನೆಗೆ ‘ನೆಟಲ್ಟನ್’, ಮೂರನೆಯದರಲ್ಲಿ ‘ಪ್ರತಿ ಗಳಿಗೆಯೂ ನೀನು ಬೇಕು’ ಎಂಬ ಅರ್ಥದ 1872ರ ಗೀತೆ, ನಾಲ್ಕನೆಯದರ ಕೊನೆಗೆ ‘ನದಿಯ ದಡದಲ್ಲಿ ಕೂಡೋಣವೇ’ ಎಂಬ 1864ರದ್ದು. ಕೊನೆಯ ಎರಡರ ರಾಗವೂ ರಾಬರ್ಟ್ ಲೌರಿ ಎಂಬ ಪಾದ್ರಿಯದು.

ಇವನ್ನು ನೇರವಾಗಿ ನುಡಿಸಿ ಮುಗಿಸುವುದಿಲ್ಲ. ಗೀತೆಯ ಚೂರುಗಳು ಮೊದಲು ಬರುತ್ತವೆ: ಒಂದು ತಿರುವು ಇಲ್ಲಿ, ಅರ್ಧ ಸಾಲು ಅಲ್ಲಿ, ಬೇರೆ ವೇಗದಲ್ಲಿ, ಬೇರೆ ಶ್ರುತಿಯಲ್ಲಿ. ಪೂರ್ತಿ ರಾಗ ಕೇಳುವುದು ಭಾಗದ ಕೊನೆಗೆ ಮಾತ್ರ. ವಿದ್ವಾಂಸ ಪೀಟರ್ ಬರ್ಕ್‌ಹೋಲ್ಡರ್ ಈ ರೀತಿಯ ಕಟ್ಟಡವನ್ನು ವಿವರವಾಗಿ ಬಿಡಿಸಿದ್ದಾರೆ. ಧ್ವನಿಮುದ್ರಣದ ಮಟ್ಟಿಗೆ ಇದರ ಅರ್ಥ ಸ್ಪಷ್ಟ: ಮೊದಲಲ್ಲೇ ಚೂರುಗಳನ್ನು ಎತ್ತಿ ತೋರಿಸಬೇಡಿ. ಮಿಕ್ಸಿಂಗ್ ಮಾಡುವವನಿಗೆ ಗೀತೆ ಗೊತ್ತಾದ ಕೂಡಲೇ, ಅದರ ಮೊದಲ ನಾಲ್ಕು ಸ್ವರ ಪಿಯಾನೊದಲ್ಲಿ ಬಂದಾಗ ಕೈ ಸದ್ದು ಏರಿಸುವ ಫೇಡರಿನ ಮೇಲೆ ಹೋಗುತ್ತದೆ, ಕೇಳುಗರಿಗೆ ಸುಳಿವು ಕೊಡುವ ಆಸೆ. ಆ ಸುಳಿವು ಕೊಟ್ಟರೆ ಕೊನೆಯ ಪುಟಕ್ಕೆ ಏನೂ ಉಳಿಯುವುದಿಲ್ಲ.

1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ಮೇಲೆ ಪಾಶ್ಚಾತ್ಯ ಸ್ತುತಿಗೀತೆಗಳ ರಾಗಗಳು ನಮ್ಮ ಕಡೆಯ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ನೆಲೆಯೂರಿದವು. ಹಾಗೆ ಚರ್ಚಿನ ಭಾನುವಾರದ ಶಾಲೆಗೆ ಹೋಗಿ ಬೆಳೆದ ಕನ್ನಡಿಗರಿಗೆ ನಾಲ್ಕನೆಯ ಸೊನಾಟದ ನಡುಭಾಗ ಕೇಳುವಾಗ ‘ಯೇಸು ನನ್ನ ಪ್ರೀತಿಸುತ್ತಾನೆ’ಯ ರಾಗ ಥಟ್ಟನೆ ಸಿಗಬಹುದು. ಉಳಿದವರು ಮೂಲ ಗೀತೆಗಳನ್ನು ಒಂದೆರಡು ಸಲ ಕೇಳಿಕೊಂಡು ಬರುವುದು ಒಳ್ಳೆಯದು. ಜಾಕಿವ್ ಮತ್ತು ಡೆಂಕ್ ತಮ್ಮ ಕಚೇರಿಗಳಲ್ಲಿ ಗಾಯಕರನ್ನು ಕರೆಸಿ ಆಯಾ ಗೀತೆಗಳನ್ನು ಹಾಡಿಸಿದ್ದೂ ಇದಕ್ಕೇ.

ಎಂಥ ಜಾಗದಲ್ಲಿ ಮುದ್ರಿಸಬೇಕು?

ಪಿಯಾನೊದ ಭಾರವಾದ ಸ್ವರಗೊಂಚಲುಗಳು ಕಲಸಿಹೋಗದಷ್ಟು ಒಣಗಿರಬೇಕು, ಪಿಟೀಲಿನ ಒಂಟಿ ಸಾಲು ಬಡಕಲಾಗದಷ್ಟು ತೇವವಿರಬೇಕು. ಒಂದೂವರೆ ಸೆಕೆಂಡಿನ ಸುತ್ತಮುತ್ತ ಪ್ರತಿಧ್ವನಿ ಇರುವ ಮರದ ಸಭಾಂಗಣ ನನ್ನ ಆಯ್ಕೆ. ದೊಡ್ಡ ಕಲ್ಲಿನ ಚರ್ಚು ಬೇಡ. ‘ಸ್ತುತಿಗೀತೆ ಇದೆ, ಆದ್ದರಿಂದ ಚರ್ಚು’ ಎಂಬ ತರ್ಕ ಕೇಳಲು ಚೆನ್ನ, ಆದರೆ ಐವ್ಸ್ ನೆನೆದದ್ದು ಬಯಲಿನ ಸಭೆಗಳನ್ನು.

ನ್ಯೂಯಾರ್ಕಿನ 156ನೇ ಬೀದಿಯಲ್ಲಿರುವ ಅಮೆರಿಕನ್ ಅಕಾಡೆಮಿ ಆಫ್ ಆರ್ಟ್ಸ್ ಅಂಡ್ ಲೆಟರ್ಸ್‌ನ ಸಭಾಂಗಣ ಇಂಥ ಕೆಲಸಕ್ಕೆ ಹೆಸರಾದದ್ದು. ರೆಡ್ಡಿಂಗ್‌ನ ಮನೆಯಲ್ಲಿದ್ದ ಐವ್ಸ್‌ನ ಕೆಲಸದ ಕೋಣೆಯನ್ನು, ಪಿಯಾನೊ ಪೆನ್ಸಿಲ್ ಸಮೇತ, ಈಗ ಅಲ್ಲೇ ಮರುಜೋಡಿಸಿ ಇಟ್ಟಿದ್ದಾರೆ. ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ 1857ರಲ್ಲಿ ಕಟ್ಟಿದ ಮೆಕ್ಯಾನಿಕ್ಸ್ ಹಾಲ್ ಕೂಡ ಪ್ರಸಿದ್ಧ. ಎಲ್ಲೇ ಆಗಲಿ, ಒಪ್ಪಂದಕ್ಕೆ ಮೊದಲು ಹವಾನಿಯಂತ್ರಣ ಪೂರ್ತಿ ಆಫ್ ಮಾಡಲು ಬಿಡುತ್ತಾರೆಯೇ, ಹತ್ತಿರ ರೈಲು, ಬಸ್ ನಿಲ್ದಾಣ ಇದೆಯೇ, ಮೇಲಿನ ದೀಪಗಳು ಗುಂಯ್‌ಗುಡುತ್ತವೆಯೇ ಎಂದು ಸ್ವತಃ ಹೋಗಿ ಕೇಳಿಸಿಕೊಂಡು ಬನ್ನಿ.

ಪಿಯಾನೊ ಮುಚ್ಚಳ ಎಷ್ಟು ತೆರೆಯಬೇಕು? ಮೈಕು ಎಲ್ಲಿ?

ಪೂರ್ತಿ ತೆರೆಯಿರಿ. ಪಿಯಾನೊ ಜಾಸ್ತಿಯಾಯಿತು ಎಂದು ಅರ್ಧ ಮುಚ್ಚಿದರೆ ಸದ್ದು ಕಡಿಮೆಯಾಗುವುದಕ್ಕಿಂತ ಮಂಕಾಗುವುದೇ ಹೆಚ್ಚು. ಐವ್ಸ್‌ನ ಪಿಯಾನೊಗೆ ಮೇಲಿನ ಹೊಳಪು ಹೋಯಿತೆಂದರೆ ಹತ್ತು ಸ್ವರಗಳ ಗೊಂಚಲು ಬರಿಯ ಧಡ್ ಆಗುತ್ತದೆ. ಬದಲಿಗೆ ಪಿಟೀಲುವಾದಕರನ್ನು ಜರುಗಿಸಿ. ಕಚೇರಿಯಲ್ಲಿ ನಿಲ್ಲುವಂತೆ ಪಿಯಾನೊದ ಬಾಗಿನಲ್ಲಿ ಸಭೆಗೆ ಮುಖಮಾಡಿ ನಿಲ್ಲಬೇಕಾಗಿಲ್ಲ. ಮೂರು ಮೀಟರಿನಷ್ಟು ದೂರದಲ್ಲಿ, ಪಿಯಾನೊವಾದಕರ ಕಣ್ಣಿಗೆ ಕಣ್ಣು ಸೇರುವಂತೆ ನಿಂತರೆ ಲಯವೂ ಕೂಡುತ್ತದೆ, ಮೈಕುಗಳಿಗೂ ಕೆಲಸ ಸುಲಭ.

ಮುಖ್ಯ ಜೋಡಿಯಾಗಿ ಅರ್ಧ ಮೀಟರ್ ಅಂತರದ ಎರಡು ಓಮ್ನಿ ಮೈಕುಗಳು (ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವಂಥವು) ನನಗಿಷ್ಟ. ಓಆರ್‌ಟಿಎಫ್ ಕ್ರಮವೂ ನಡೆಯುತ್ತದೆ, ಅದರಲ್ಲಿ ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಎರಡು ಕಾರ್ಡಿಯಾಯ್ಡ್ ಮೈಕುಗಳು 17 ಸೆಂ.ಮೀ. ದೂರ, 110 ಡಿಗ್ರಿ ಕೋನ. ಪಿಟೀಲಿಗೊಂದು, ಪಿಯಾನೊಗೆರಡು ಹತ್ತಿರದ ಮೈಕು ಇರಲಿ, ಆದರೆ ಉಪ್ಪಿನಷ್ಟೇ ಬಳಸಿ. ಮುಖ್ಯ ಜೋಡಿಯಲ್ಲೇ ಸಮತೋಲ ಬರದಿದ್ದರೆ ಹತ್ತಿರದ ಮೈಕು ಏರಿಸಬೇಡಿ, ಎದ್ದು ಹೋಗಿ ಸ್ಟ್ಯಾಂಡ್ ಸರಿಸಿ.

ಸಮತೋಲ ಎಂದರೆ ಸಮ ಪಾಲು ಎಂದಲ್ಲ. ಎರಡನೆಯ ಸೊನಾಟದ ನಡುಭಾಗ ‘ಕಣಜದಲ್ಲಿ’. ಇಲ್ಲಿ ಪಿಟೀಲು ಕುಣಿತದ ಗತ್ತು ಹಿಡಿದು ಓಡುವಾಗ ಪಿಯಾನೊ ಡೋಲಿನಂತೆ ಕೆಳಗಿಂದ ಬಡಿಯುತ್ತದೆ. ಕೆಲವು ಕಡೆ ಪಿಟೀಲು ಮುಳುಗಿಹೋಗುತ್ತದೆ. ಮುಳುಗಲಿ. ಗದ್ದಲದ ಕಣಜದಲ್ಲಿ ಪಿಟೀಲಿನವನ ಕೈ ಕಾಣುತ್ತದೆ, ಸ್ವರ ಕೇಳುವುದಿಲ್ಲ, ಮರುಕ್ಷಣ ಮತ್ತೆ ಕೇಳುತ್ತದೆ. ಪ್ರತಿ ಸ್ವರವನ್ನೂ ದಡ ಸೇರಿಸುವ ಉಪಕಾರ ಇಲ್ಲಿ ಅಪಕಾರವಾಗುತ್ತದೆ.

ಶ್ರುತಿ?

ಪಿಯಾನೊದ ‘ಎ’ ಸ್ವರ 440 ಹರ್ಟ್ಜ್‌ಗೆ, ಟ್ಯೂನರ್ ದಿನವಿಡೀ ಹಾಜರಿರಬೇಕು. ಜೋರು ಹೊಡೆತದ ಭಾಗಗಳ ನಂತರ ಪಿಯಾನೊ ಖಂಡಿತ ಇಳಿದಿರುತ್ತದೆ. ಸ್ತುತಿಗೀತೆಗಳ ನಿಧಾನ ಭಾಗಗಳನ್ನು ಆಗಷ್ಟೇ ಶ್ರುತಿ ಮಾಡಿದ ವಾದ್ಯದಲ್ಲಿ, ಅಂದರೆ ಬೆಳಿಗ್ಗೆ ಮುದ್ರಿಸಿ.

ಟೇಕ್‌ಗಳು, ಎಡಿಟಿಂಗ್ ಹೇಗೆ?

ಪ್ರತಿ ಭಾಗವನ್ನೂ ಮೊದಲು ಇಡಿಯಾಗಿ ಎರಡು ಸಲ ನುಡಿಸಿ. ಆಮೇಲೆ ತುಂಡುಗಳು, ಕೊನೆಗೆ ಮತ್ತೊಮ್ಮೆ ಇಡಿಯಾಗಿ. ದಣಿವಿನ ಮೇಲೆ, ಇನ್ನೇನೂ ಕಳೆದುಕೊಳ್ಳುವುದಿಲ್ಲ ಎಂಬ ಧೈರ್ಯದಲ್ಲಿ ನುಡಿಸಿದ ಆ ಕೊನೆಯ ಟೇಕ್ ಎಷ್ಟೋ ಸಲ ಬೆನ್ನೆಲುಬಾಗುತ್ತದೆ.

ಮೂರನೆಯ ಸೊನಾಟದ ಮೊದಲ ಭಾಗ ಇದಕ್ಕೆ ಒಳ್ಳೆಯ ಪರೀಕ್ಷೆ. ಅದರ ಕಟ್ಟಡ ನಾಲ್ಕು ಚರಣ, ಪ್ರತಿ ಚರಣದ ಕೊನೆಗೆ ಪಲ್ಲವಿ. ಚರಣಚರಣವಾಗಿ ಕತ್ತರಿಸಿ ಜೋಡಿಸಲು ಹೇಳಿಮಾಡಿಸಿದಂತಿದೆ, ಅಪಾಯವೂ ಅಲ್ಲೇ. ನಾಲ್ಕು ಸಲ ಬರುವ ಪಲ್ಲವಿ ನಾಲ್ಕೂ ಸಲ ಬೇರೆ ಬಣ್ಣದಲ್ಲಿ ಬರಬೇಕು. ಒಂದು ಟೇಕಿನ ಮೂರನೆಯ ಪಲ್ಲವಿಯ ಪಕ್ಕ ಇನ್ನೊಂದು ದಿನದ ನಾಲ್ಕನೆಯ ಚರಣ ಇಟ್ಟರೆ ಸ್ವರಗಳು ಕೂಡುತ್ತವೆ, ಮನಸ್ಥಿತಿ ಕೂಡುವುದಿಲ್ಲ. ಬೆಸುಗೆಯನ್ನು ಚರಣದ ಗಡಿಯಲ್ಲಿ ಹಾಕುವುದಕ್ಕಿಂತ ಚರಣದ ನಡುವೆ, ಪಿಯಾನೊದ ಹೊಸ ಹೊಡೆತದ ಹಿಂದೆ ಹಾಕುವುದು ಮೇಲು. ಗಡಿಯಲ್ಲಿ ವಾದಕರು ಎಳೆದ ಉಸಿರು ನಿಜವಾದದ್ದಾಗಿರಲಿ.

ಆ ಉಸಿರನ್ನು ಅಳಿಸಬಾರದು. ಪೆಡಲಿನ ಕಿರುಗುಟ್ಟುವಿಕೆ, ಕುರ್ಚಿಯ ಸದ್ದು, ಬಿಲ್ಲು ತಂತಿಗೆ ತಗುಲುವ ಮೊದಲ ಕ್ಷಣದ ಗೊರಕೆ ಇವುಗಳಲ್ಲಿ ಕುರ್ಚಿಯನ್ನು ಮಾತ್ರ ತೆಗೆಯುತ್ತೇನೆ. ಮರೆಯದೆ ಮಾಡಬೇಕಾದ ಇನ್ನೊಂದು ಕೆಲಸ: ದಿನದ ಕೊನೆಗೆ ಎಲ್ಲರೂ ಅಲ್ಲಾಡದೆ ಕೂತಿರುವಾಗ ಒಂದು ನಿಮಿಷ ಬರಿಯ ಸಭಾಂಗಣದ ಮೌನವನ್ನು ಮುದ್ರಿಸಿಕೊಳ್ಳಿ. ಟ್ರ್ಯಾಕ್‌ಗಳ ನಡುವೆ ಅದನ್ನೇ ಹಾಕಬೇಕು. ಕಂಪ್ಯೂಟರಿನ ಶೂನ್ಯ ಹಾಕಿದರೆ ಕಿವಿಗೆ ಕಿಟಕಿ ಮುಚ್ಚಿದಂತೆ ಆಗುತ್ತದೆ.

ನಾಲ್ಕನೆಯ ಸೊನಾಟದಲ್ಲಿ ಕಲ್ಲು ಎಸೆಯುತ್ತಾರಂತೆ, ನಿಜವೇ?

ನಿಜ. ಈ ಸೊನಾಟಕ್ಕೆ ‘ಪ್ರಾರ್ಥನಾ ಶಿಬಿರದಲ್ಲಿ ಮಕ್ಕಳ ದಿನ’ ಎಂಬ ಅರ್ಥದ ಹೆಸರಿದೆ. ಮೊದಲ ಭಾಗದಲ್ಲಿ ಹುಡುಗರು ಮೆರವಣಿಗೆ ಹೊರಡುತ್ತಾರೆ. ಎರಡನೆಯದು ನಿಧಾನ: ‘ಯೇಸು ನನ್ನ ಪ್ರೀತಿಸುತ್ತಾನೆ’ ರಾಗದ ಸುತ್ತ ಗಾಳಿ, ಹಳ್ಳದ ನೀರಿನ ಸದ್ದು. ಮಧ್ಯೆ ಹುಡುಗರಿಗೆ ಬೇಸರವಾಗಿ ಹಳ್ಳಕ್ಕೆ ಕಲ್ಲು ಎಸೆಯತೊಡಗುತ್ತಾರೆ. ಅಲ್ಲಿ ಐವ್ಸ್ ಇಟಾಲಿಯನ್ ವೇಗಸೂಚನೆಯನ್ನೇ ಅಣಕಿಸಿ ‘ಅಲೆಗ್ರೊ ಕಾನ್‌ಸ್ಲಗರಾಕೊ’ ಎಂದು ಬರೆದಿದ್ದಾನೆ: ‘ಅಲೆಗ್ರೊ’ ಎಂದರೆ ಚುರುಕಾಗಿ, ಉಳಿದದ್ದು ‘ಸ್ಲಗ್ ಎ ರಾಕ್’, ಅಂದರೆ ಕಲ್ಲು ಬೀಸು, ಎಂಬ ಇಂಗ್ಲಿಷ್ ಮಾತಿನ ಆಟ.

ಮೈಕಿನ ಸದ್ದನ್ನು ಹಿಗ್ಗಿಸುವ ಪ್ರೀಆಂಪ್‌ನ ಮಟ್ಟವನ್ನು ಈ ಪುಟ ನುಡಿಸಿ ನೋಡಿಯೇ ಗೊತ್ತುಮಾಡಿ, ನಿಧಾನದ ಮೊದಲ ಪುಟ ಕೇಳಿಕೊಂಡಲ್ಲ. 24 ಬಿಟ್‌ನಲ್ಲಿ ಮುದ್ರಿಸುವಾಗ ಮೆತ್ತಗಿನ ಭಾಗ ಕೆಳಗಿದ್ದರೆ ನಷ್ಟವೇನೂ ಇಲ್ಲ. ಮಾಸ್ಟರಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮೊದಲಿನ ಕೊನೆಯ ಹದದಲ್ಲಿ, ಮೆತ್ತಗಿನ ಮತ್ತು ಜೋರಿನ ಭಾಗಗಳ ಅಂತರ ತಗ್ಗಿಸಬೇಡಿ. ‘ಮೊಬೈಲಿನಲ್ಲಿ ಕೇಳುವವರಿಗೆ ಕಷ್ಟ’ ಎಂದು ಪ್ರಕಾಶಕರು ಹೇಳುತ್ತಾರೆ. ಕಲ್ಲು ಬಿದ್ದಾಗ ಬೆಚ್ಚದಿದ್ದರೆ ಆ ಪುಟ ಇದ್ದೇನು ಪ್ರಯೋಜನ?

ಎಷ್ಟು ದಿನ ಬೇಕು?

ಚೆನ್ನಾಗಿ ತಾಲೀಮಾದ ಜೋಡಿಗೆ ನಾಲ್ಕು ಸೊನಾಟಗಳಿಗೆ ನಾಲ್ಕು ದಿನ ಸಾಮಾನ್ಯ, ದಿನಕ್ಕೆ ಮೂರು ಗಂಟೆಯ ಎರಡು ಪಾಳಿ. ದಿನಕ್ಕೊಂದು ಸೊನಾಟ ಎಂಬ ಲೆಕ್ಕ ಬೇಡ, ನಾಲ್ಕನೆಯದು ಅರ್ಧ ದಿನದಲ್ಲಿ ಮುಗಿದೀತು, ಮೂರನೆಯದು ಉಳಿದರ್ಧವನ್ನೂ ನುಂಗುತ್ತದೆ.

ಹಕ್ಕುಸ್ವಾಮ್ಯದ ಕಥೆ ಏನು?

ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಕೃತಿಕಾರ ತೀರಿಕೊಂಡ ನಂತರ 60 ವರ್ಷ. ಐವ್ಸ್ ತೀರಿಕೊಂಡದ್ದು 1954, ಆದ್ದರಿಂದ 2015ರಿಂದ ಇಲ್ಲಿ ಮುಕ್ತ. ಯುರೋಪಿನ ಒಕ್ಕೂಟದಲ್ಲಿ 70 ವರ್ಷ, ಅಲ್ಲಿ 2025ರಿಂದ ಮುಕ್ತ. ಅಮೆರಿಕದಲ್ಲಿ ಲೆಕ್ಕ ಬೇರೆ: ಆ ಕಾಲದ, ಹಕ್ಕು ನವೀಕರಿಸಿದ ಕೃತಿಗಳಿಗೆ ಪ್ರಕಟಣೆಯಿಂದ 95 ವರ್ಷ. ಹಾಗೆ ನೋಡಿದರೆ 1942ರ ನಾಲ್ಕನೆಯದು 2037ರ ಕೊನೆಯವರೆಗೆ, ಉಳಿದವು 2040ರ ದಶಕದವರೆಗೆ. ಇನ್ನು ಯಾವ ದೇಶದಲ್ಲೇ ಆಗಲಿ, ಹೊಸದಾಗಿ ಸಂಪಾದಿಸಿದ ಆವೃತ್ತಿಗೆ ಬೇರೆ ಹಕ್ಕು ಇರಬಹುದು. ಬಳಸುವ ಪ್ರತಿಯ ಮೊದಲ ಪುಟವನ್ನು ನೋಡಿಕೊಳ್ಳಿ.

ಹಾಗೆಂದು ಅಮೆರಿಕದಲ್ಲಿ ಮುದ್ರಿಸಲು ಯಾರ ಕೃಪೆಗೂ ಕಾಯಬೇಕಾಗಿಲ್ಲ. ಒಮ್ಮೆ ಅನುಮತಿಯಿಂದ ರೆಕಾರ್ಡ್ ಆಗಿ ಹೊರಬಂದ ಕೃತಿಯನ್ನು ಮತ್ತೊಬ್ಬರು ರೆಕಾರ್ಡ್ ಮಾಡಲು ಅಲ್ಲಿನ ಕಾನೂನಿನಲ್ಲಿ ಕಡ್ಡಾಯ ಪರವಾನಗಿಯ ಅವಕಾಶವಿದೆ. ನಿಯಮದಂತೆ ನೋಟಿಸ್ ಕೊಟ್ಟು ನಿಗದಿತ ಶುಲ್ಕ ತುಂಬಿದರೆ ಸಾಕು. ಐದು ನಿಮಿಷಕ್ಕಿಂತ ಉದ್ದದ ಟ್ರ್ಯಾಕಿಗೆ ಶುಲ್ಕ ನಿಮಿಷದ ಲೆಕ್ಕದಲ್ಲಿ, ಹನ್ನೆರಡು ಟ್ರ್ಯಾಕ್‌ಗಳಲ್ಲಿ ಹಲವು ಐದು ನಿಮಿಷ ದಾಟುವುದರಿಂದ ಬಜೆಟ್ ಮಾಡುವಾಗ ಇದು ನೆನಪಿರಲಿ. ಚಿತ್ರದ ಜೊತೆ ಸೇರಿಸಿ ವೀಡಿಯೊ ಮಾಡುವುದಾದರೆ ಈ ಸೌಲಭ್ಯ ಅನ್ವಯಿಸುವುದಿಲ್ಲ, ಪ್ರಕಾಶಕರನ್ನೇ ಕೇಳಬೇಕು.

ಐವ್ಸ್‌ನ ಹೆಂಡತಿ ಹಾರ್ಮನಿ, ಗಂಡನ ಸಂಗೀತದ ಗೌರವಧನವನ್ನೆಲ್ಲ ಮೇಲೆ ಹೇಳಿದ ಅಕಾಡೆಮಿಯ ಬಳಗಕ್ಕೆ ಬರೆದಿಟ್ಟಳು. ಅದರಿಂದ ಎಳೆಯ ಸಂಯೋಜಕರಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಶುಲ್ಕ ತುಂಬುವಾಗ ಅಷ್ಟೇನೂ ಹೊಟ್ಟೆ ಉರಿಯುವುದಿಲ್ಲ.

ಹಣ ಯಾರು ಹಾಕುತ್ತಾರೆ?

ಬಹಳಷ್ಟು ಸಲ ವಾದಕರೇ: ವಿಶ್ವವಿದ್ಯಾಲಯದ ಅನುದಾನ, ಪ್ರತಿಷ್ಠಾನಗಳ ನೆರವು, ಅಭಿಮಾನಿಗಳ ಚಂದಾ. ಈ ಸಂಗೀತದ ಮಾರಾಟದಿಂದ ಖರ್ಚು ಹುಟ್ಟುವುದು ಅಪರೂಪ. ಹೊರಗಿನ ಸಂಯೋಜಕನೊಬ್ಬನ ಧ್ವನಿಮುದ್ರಣಕ್ಕೆ ನಮ್ಮವರು ಹಣ ಹಾಕಿದ ದೊಡ್ಡ ಉದಾಹರಣೆ ಇದೆ, ಐವ್ಸ್‌ನದ್ದಲ್ಲ, ಅವನಿಗಿಂತ ಐದು ವರ್ಷ ಚಿಕ್ಕವನಾದ ರಷ್ಯದ ನಿಕೊಲಾಯ್ ಮೆಟ್ನರ್‌ನದು. 1940ರ ದಶಕದ ಕೊನೆಯಲ್ಲಿ ಮೈಸೂರಿನ ಜಯಚಾಮರಾಜ ಒಡೆಯರ್ ಮೆಟ್ನರ್ ಸೊಸೈಟಿಗೆ ಹಣ ಕೊಟ್ಟು, ಲಂಡನ್ನಿನಲ್ಲಿದ್ದ ಆ ವೃದ್ಧ ಸಂಯೋಜಕ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿಯಲ್ಲಿ ಮುದ್ರಿಸುವಂತೆ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಅವರಿಗೆ ಅರ್ಪಿಸಿದ. ಈಗ ಮಹಾರಾಜರಿಲ್ಲ, ಅರ್ಜಿ ನಮೂನೆಗಳಿವೆ.

ಕರ್ನಾಟಕ ಸಂಗೀತದ ಪಿಟೀಲುವಾದಕರು ಇದನ್ನು ನುಡಿಸಬಹುದೇ?

ವಾದ್ಯ ಅದೇ, ಉಳಿದದ್ದು ಬೇರೆ. ಅಲ್ಲಿ ತಂತಿಗಳು ಸ–ಪ–ಸ–ಪಕ್ಕೆ, ಇಲ್ಲಿ ಜಿ–ಡಿ–ಎ–ಇಗೆ. ಅಲ್ಲಿ ಕೂತು, ಇಲ್ಲಿ ನಿಂತು. ಪಾಶ್ಚಾತ್ಯ ಸ್ವರಲಿಪಿ ಓದುವ ಅಭ್ಯಾಸವಂತೂ ಬೇಕೇ ಬೇಕು. ಎರಡೂ ಕಲಿತವರು ಇದ್ದಾರೆ, ಅವರಿಗೆ ಒಂದೇ ಎಚ್ಚರಿಕೆ: ಸ್ತುತಿಗೀತೆಯ ಸಾಲಿಗೆ ಗಮಕ ಸೇರಿಸಬೇಡಿ. ಪಾಶ್ಚಾತ್ಯ ವಾದಕರಿಗೂ ಇದನ್ನೇ ಹೇಳುತ್ತೇನೆ, ಅವರ ಜಾರು ಮತ್ತು ಕಂಪನದ ವಿಷಯದಲ್ಲಿ.

ಸಿ.ಡಿ.ಯಲ್ಲಿ ಯಾವ ಕ್ರಮ?

ಒಂದರಿಂದ ನಾಲ್ಕು ಎಂಬ ನೇರ ಕ್ರಮಕ್ಕೆ ವಿರೋಧವಿಲ್ಲ, ಆದರೆ ಅದರಿಂದ ಉದ್ದದ ಮೂರನೆಯದು ಕೇಳುಗರು ಆಗಲೇ ದಣಿದಿರುವಾಗ ಬರುತ್ತದೆ. ನಾಲ್ಕು, ಎರಡು, ಮೂರು, ಒಂದು ಎಂಬುದು ನನ್ನ ಒಲವು: ಚಿಕ್ಕದರಿಂದ ಪರಿಚಯ, ಕಣಜದ ಕುಣಿತ, ಆಮೇಲೆ ಸಾವಧಾನದ ಮೂರನೆಯದು, ಕೊನೆಗೆ ಮಿಲ್ಕೆಯನ್ನು ಓಡಿಸಿದ ಮೊದಲನೆಯದು. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಹೇಗೂ ತಮ್ಮ ಕ್ರಮವನ್ನೇ ಮಾಡಿಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಟ್ರ್ಯಾಕಿನ ಹೆಸರಿನಲ್ಲಿ ಸೊನಾಟದ ಸಂಖ್ಯೆ, ಭಾಗದ ಸಂಖ್ಯೆ ಎರಡನ್ನೂ ಬರೆಯಿರಿ. ಬರಿಯ ‘ಅಲೆಗ್ರೊ’ ಎಂದು ಹಾಕಿದರೆ ಒಂದೇ ಪಟ್ಟಿಯಲ್ಲಿ ಹಲವು ‘ಅಲೆಗ್ರೊ’ಗಳು ಸಾಲಾಗಿ ನಿಲ್ಲುತ್ತವೆ.